ಕಸ್ತೂರೆವ್ವ ಖರೆ ಹೇಳಿದ್ದು

ವಿಧಾನಸಭೆಯ ಅಧಿವೇಶನ ಮುಗಿದಾಗಲೆಲ್ಲ ಶಾಸಕ ಗುರುಲಿಂಗಪ್ಪ ತನ್ನೂರು ಮಸೂತಿಗೆ ಬಂದು, ಹೊಸದಾಗಿ ಏನೇನು ಕಾಯ್ದೆಯಾಯಿತೆಂದು ಜನರಿಗೆ ಹೇಳುತ್ತಿದ್ದ. ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ದೊಡ್ಡ ಸುದ್ದಿಯನ್ನೇ ತಂದ. ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ನಿಂತು, "ಇನ್ನ ಮ್ಯಾಲೆ ಉಳಾವನ ಹೊಲದ ಮಾಲಕ. ಪಾಲಿಗೆ ಮಾಡೋರು ಅರ್ಜಿ ಹಾಕ್ರಿ, ಯಾರಿಗೂ ಅಂಜಬ್ಯಾಡ್ರಿ," ಎಂದ. ಜನ ಮೊದಲು ನಿಜವೇ ಎಂದು ಎರಡೆರಡು ಸಲ ಕೇಳಿದರು. ನಂಬಿಕೆ ಬಂದ ಮೇಲೆ ಚಪ್ಪಾಳೆ ಹೊಡೆದರು.

ಹೆಂಗಸರ ನಡುವೆ ಅವನ ಚಿಗವ್ವ ಕಸ್ತೂರೆವ್ವ ಕುಳಿತಿದ್ದಳು. ಬಾಣಂತನದಲ್ಲಿ ತೀರಿಹೋದ ಅಕ್ಕನ ಕೂಸನ್ನು ತಂದು ಸಾಕಿದವಳು ಅವಳೇ. ಅವಳಿಗೆ ಮಕ್ಕಳಾಗಲಿಲ್ಲ, ಗಂಡನೂ ಬೇಗ ಹೋದ. ಅವನು ಬಿಟ್ಟುಹೋದ ಎರೆಹೊಲವನ್ನು ಅಂದಿನಿಂದ ಮಾನಪ್ಪ ಪಾಲಿಗೆ ಮಾಡುತ್ತ ಬಂದಿದ್ದ. ಬೆಳೆದದ್ದರಲ್ಲಿ ಅರ್ಧ ಅವನಿಗೆ, ಅರ್ಧ ಅವಳಿಗೆ. ಆ ಅರ್ಧದಲ್ಲಿಯೇ ಅವಳು ಗುರುಲಿಂಗಪ್ಪನನ್ನು ವಿಜಾಪುರದಲ್ಲಿಟ್ಟು ಓದಿಸಿದ್ದಳು.

ಅವತ್ತು ಸಂಜೆ ಅವನಿಗೆ ಬಡಿಸುತ್ತ ಕೇಳಿದಳು: "ಗುರು, ನನ್ನಂಥಾ ಗಂಡಿಲ್ಲದಾಕಿಗೂ ಇದ ಕಾಯ್ದೆ ಏನು?"

ತುತ್ತು ಅವನ ಕೈಯಲ್ಲೇ ಉಳಿಯಿತು. "ಹೌದು ಚಿಗವ್ವಾ. ವಿಧವೇರನ್ನ ಬಿಡ್ರಿ ಅಂತ ನಾ ಕೇಳಿದ್ನಿ. ಬಿಟ್ರ ದೊಡ್ಡ ದೊಡ್ಡ ಸಾವಕಾರ್ರು ಮನಿಯಾಗಿನ ಮುದಕೇರ ಹೆಸರಿಗೆ ಹೊಲಾ ಮಾಡಿ ಪಾರಾಗ್ತಾರ ಅಂದ್ರು. ಅದೂ ಖರೇನ ಐತಿ."

"ಆ ಕಾಯ್ದೇಕ ನೀನೂ ಕೈ ಎತ್ತಿದೇನು?"

"ಎತ್ತಿದ್ನಿ."

ಅವಳು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಮಾನಪ್ಪ ಬಹಳ ದಿನ ಅರ್ಜಿ ಹಾಕಲಿಲ್ಲ. ಹೆಂಡತಿ ಗುಂಡವ್ವ ಬೆನ್ನು ಹತ್ತಿದಾಗ ಕಸ್ತೂರೆವ್ವನ ಅಂಗಳಕ್ಕೆ ಬಂದು ನಿಂತ. "ಅವ್ವಾರ, ಹಾಕ್ಲೋ ಬ್ಯಾಡೋ, ನೀವ ಹೇಳ್ರಿ."

"ನಿನ್ನ ಮಕ್ಕಳ ಮಾರಿ ನೋಡಿ ಮಾಡಪಾ. ನನ್ನ ಮಾರಿ ನೋಡಬ್ಯಾಡ."

ಅವನು ಅರ್ಜಿ ಹಾಕಿದ. ವಿಚಾರಣೆ ಬಾಗೇವಾಡಿಯಲ್ಲಿ ನಿಗದಿಯಾಯಿತು. ಹಿಂದಿನ ದಿನ ಕಸ್ತೂರೆವ್ವನ ಭಾವನ ಮಗ ಸಂಗಣ್ಣ ಬಂದು ಅವಳ ಕಿವಿಯಲ್ಲಿ ಊದಿದ: "ಕಾಕು, ಅಂವ ನಮ್ಮ ಕೂಲಿ ಆಳು ಅಂತ ಒಂದ ಮಾತು ಹೇಳಿಬಿಡು. ಹೊಲಾ ಉಳೀತೈತಿ."

ಅರ್ಜಿ ವಿಚಾರಿಸುವ ಭೂ ನ್ಯಾಯಮಂಡಳಿಯಲ್ಲಿ ಗುರುಲಿಂಗಪ್ಪನೂ ಒಬ್ಬ ಸದಸ್ಯ. ಚಿಗವ್ವನ ಹೆಸರು ಕೂಗಿದಾಗ ಅವನು, ತನ್ನವರ ಪ್ರಕರಣವೆಂದು, ಕುರ್ಚಿ ಬಿಟ್ಟು ಗೋಡೆಯ ಪಕ್ಕ ಹೋಗಿ ನಿಂತ. ಮಾನಪ್ಪ ಕೂಲಿಗಿದ್ದನೋ ಪಾಲಿಗಿದ್ದನೋ ಎಂದು ಅಧಿಕಾರಿ ಕೇಳಿದರು. ಕಸ್ತೂರೆವ್ವ ಸೆರಗು ಸರಿಮಾಡಿಕೊಂಡಳು.

"ಪಾಲಿಗೆ ಮಾಡ್ಯಾನ್ರಿ. ಬಿತ್ತಿದಾಂವ ಅಂವ, ರಾಶಿ ಮಾಡಿದಾಂವ ಅಂವ. ನಾ ಕುಂತ ಉಂಡೇನಿ."

ಸಂಗಣ್ಣ ಹೆಗಲ ಟವೆಲು ಝಾಡಿಸಿ ಹೊರಗೆ ನಡೆದ. ಹೊಲ ಮಾನಪ್ಪನದಾಯಿತು. ಪರಿಹಾರವೆಂದು ಅವಳ ಕೈಗೆ ಬಂದದ್ದು ಒಂದು ಸುಗ್ಗಿಯ ಕಾಳಿಗೂ ಸಮವಿರಲಿಲ್ಲ.

ಮುಂದಿನ ಸುಗ್ಗಿಗೆ ಮಾನಪ್ಪ ಎಂದಿನಂತೆ ಜೋಳದ ಚೀಲ ಹೇರಿಕೊಂಡು ಅವಳ ಬಾಗಿಲಿಗೆ ಗಾಡಿ ತಂದ. ಅವಳು ಹೊಸ್ತಿಲು ದಾಟಲಿಲ್ಲ. "ಇಷ್ಟು ದಿನಾ ನನ್ನ ಪಾಲು ತರತಿದ್ದಿ, ತಗೊಂತಿದ್ನಿ. ಈಗ ತಗೊಂಡ್ರ ದಾನ ಆಕ್ಕೈತಿ. ಹೊಳ್ಳಿ ಒಯ್ಯಿ." ಅವನು ಕೈಮುಗಿದ, ಗುಂಡವ್ವ ಕಾಲಿಗೆ ಬಿದ್ದಳು. ಕಸ್ತೂರೆವ್ವ ಕೇಳಲಿಲ್ಲ. ಗಾಡಿ ತುಂಬಿದಂತೆಯೇ ಹಿಂದಕ್ಕೆ ಹೋಯಿತು.

ಆ ವರ್ಷವೇ ಅವಳು ನಿಡಗುಂದಿಯ ಬಸ್ ನಿಲ್ದಾಣದ ಹತ್ತಿರದ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುವ ಕೆಲಸಕ್ಕೆ ನಿಂತಳು. ಗುರುಲಿಂಗಪ್ಪ ಆಗ ಇಂಡಿ, ಸಿಂದಗಿ, ಮುದ್ದೇಬಿಹಾಳದ ಹಳ್ಳಿಗಳಲ್ಲೂ ಕಾಯ್ದೆ ತಿಳಿಸುತ್ತ ತಿರುಗುತ್ತಿದ್ದ. ಹೋದಲ್ಲೆಲ್ಲ ಅವನಿಗೆ ಹಾರ ಬೀಳುತ್ತಿತ್ತು. ಚಿಗವ್ವನ ಸುದ್ದಿ ಕಿವಿಗೆ ಬಿದ್ದೊಡನೆ ಖಾನಾವಳಿಗೆ ಬಂದು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತ.

"ನಮ್ಮ ಮನೀಗಿ ನಡಿ ಚಿಗವ್ವಾ. ಬ್ಯಾಡ ಇದು."

"ನಿಮ್ಮ ಮನ್ಯಾಗ ಉಣ್ಣಾಕ ಕುಂತಾಗೆಲ್ಲಾ ನೀ ನನ್ನ ನೋಡತಿ, ನೋಡಿ ತಲಿ ತಗ್ಗಸ್ತಿ. ಅದನ್ನ ನಾ ತಡಕೊಳ್ಳಾಕ ಆಗೂದಿಲ್ಲ."

"ನಾ ತಪ್ಪ ಮಾಡಿದ್ನೇನು?"

"ಇಲ್ಲಪಾ, ನೀ ಮಾಡಿದ್ದು ಸರಿನ ಐತಿ." ಹೆಂಚಿನ ಮೇಲಿನ ರೊಟ್ಟಿ ಹೊರಳಿಸಿದಳು. "ಸರಿ ಐತಿ ಅಂತ ನನ್ನ ಸಂಕಟ ಹೋಗತೈತೇನು?"

ಅವನು ಎದ್ದುಹೋದ. ಮತ್ತೆರಡು ಸಲ ಬಂದ. ಅವಳು ಬರಲಿಲ್ಲ.

ಎಪ್ಪತ್ತೇಳರ ಚಳಿಗಾಲದಲ್ಲಿ ಅವಳು ಜ್ವರದಿಂದ ತೀರಿಕೊಂಡಳು. ಹೆಣವನ್ನು ಮಸೂತಿಗೆ ತಂದರು. ಗಂಡನನ್ನು ಹೂಳಿದ್ದು ಅದೇ ಹೊಲದಲ್ಲಿ. ಅವನ ಮಗ್ಗುಲಲ್ಲೇ ಅವಳನ್ನೂ ಹೂಳುವುದು ಮನೆತನದ ಪದ್ಧತಿ.

"ಅದು ಈಗ ಮಂದಿ ಹೊಲಾ. ಹೋಗಿ ಅವನ ಮುಂದ ಕೈ ಒಡ್ಡೂದೇನು?" ಎಂದ ಸಂಗಣ್ಣ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು.

ಗುರುಲಿಂಗಪ್ಪನೇ ಎದ್ದು ಹೊಲಕ್ಕೆ ಹೋದ. ಅಲ್ಲಿ ಮಾನಪ್ಪ ಮತ್ತವನ ಮಕ್ಕಳು ತೆನೆ ಹಿಡಿದ ಜೋಳವನ್ನು ಅಷ್ಟಗಲ ಕೊಯ್ದು, ಸಮಾಧಿಯ ಮಗ್ಗುಲಲ್ಲಿ ಆಗಲೇ ಎದೆಮಟ್ಟದ ಕುಣಿ ತೋಡಿದ್ದರು. ಮಾನಪ್ಪ ಕುಣಿಯೊಳಗಿಂದಲೇ ತಲೆ ಎತ್ತಿದ.

"ಸಾಹೇಬ್ರ, ಯಾರನ್ನೂ ಕೇಳದ ಅಗದೇನಿ. ಸಿಟ್ಟಾಗಬ್ಯಾಡ್ರಿ."

ಗುರುಲಿಂಗಪ್ಪ ಕುಣಿಯ ಅಂಚಿಗೆ ಬಂದು ಬಗ್ಗಿದ. ಕೈಚಾಚಿ ಅವನನ್ನು ಮೇಲೆಳೆದುಕೊಂಡ.

ಮಧ್ಯಾಹ್ನ ಮಣ್ಣು ಮುಗಿಯಿತು. ಜನ ಊರ ಕಡೆ ನಡೆದರು. ಗುಂಡವ್ವ ಗುರುಲಿಂಗಪ್ಪನಿಗೆ ಕೈತೊಳೆಯಲು ನೀರು ಹಾಕುತ್ತ, "ಅವ್ವಾರು ಕಾಳು ಒಲ್ಲೆ ಅಂದಾಗಿಂದ ಈತಗ ಊಟನ ರುಚಿ ಹತ್ತಿಲ್ರಿ," ಎಂದಳು. ಬದುವಿನ ಮೇಲೆ ಕುಳಿತಿದ್ದ ಮಾನಪ್ಪ ರುಮಾಲು ಬಿಚ್ಚಿ ಮುಖಕ್ಕೊತ್ತಿಕೊಂಡು ಅಳತೊಡಗಿದ. ಗುರುಲಿಂಗಪ್ಪ ಒದ್ದೆ ಕೈಯಲ್ಲೇ ಹೋಗಿ ಅವನ ಪಕ್ಕದಲ್ಲಿ ಕುಳಿತ.