ಮನೆಯವಳಿಗೆ ಅನುಮತಿ ಇಲ್ಲ

ಮಾವನ ಲಾರಿ ಆಫೀಸಿನ ಕಂಪ್ಯೂಟರುಗಳನ್ನೆಲ್ಲ ಒಂದೇ ಡೊಮೇನಿಗೆ, ಅಂದರೆ ಒಂದೇ ಸರ್ವರಿನ ಅಂಕೆಗೆ, ಸೇರಿಸುವ ಕೆಲಸ ಅಳಿಯನ ಕೊರಳಿಗೆ ಬಿತ್ತು. ಹೊಟ್ಟೆಪಾಡಿಗೆ ಅವನು ಮಾಡುತ್ತಿದ್ದದ್ದೂ ಅದೇ ಕೆಲಸ. ಮಾವನಿಗೆ ಮಾತ್ರ ಬಿಟ್ಟಿ. ಅದುವರೆಗೆ ಆ ಆಫೀಸಿನಲ್ಲಿ ಎಲ್ಲರಿಗೂ ಒಂದೇ ಪಾಸ್‌ವರ್ಡ್. ಯಾರೂ ಮರೆಯದಿರಲಿ ಎಂದು ಅದನ್ನು ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದರು. ಇನ್ನು ಒಬ್ಬೊಬ್ಬರಿಗೂ ಅವರದೇ ಹೆಸರು, ಯಾವ ಫೋಲ್ಡರನ್ನು ಯಾರು ತೆರೆಯಬಹುದೆಂದು ಮೂಲೆಯ ಸರ್ವರೇ ತೀರ್ಮಾನಿಸುತ್ತದೆ ಎಂದು ಅಳಿಯ ವಿವರಿಸಿದ.

ಮಾವನ ಕಿವಿಗೆ ಬಿದ್ದದ್ದು 'ತೀರ್ಮಾನ' ಎಂಬ ಒಂದೇ ಮಾತು.

"ನನಗಿಂತ ಮೇಲೆ ಯಾರೂ ಇರಬಾರದು ಅಳಿಯಂದ್ರೇ."

"ಅಡ್ಮಿನಿಸ್ಟ್ರೇಟರ್ ಅಂತ ಒಬ್ಬ ಇರಲೇಬೇಕು ಮಾವ."

"ಯಾರವನು? ನನ್ನನ್ನ ಕೇಳದೆ ಅವನನ್ನ ಕೆಲಸಕ್ಕೆ ಇಟ್ಟೋರು ಯಾರು?"

ಪಕ್ಕದಲ್ಲಿದ್ದ ಬಾಮೈದ ತಲೆಯಾಡಿಸಿದ. ಅವನು ಆಫೀಸಿನ ಮ್ಯಾನೇಜರು. ಅಪ್ಪ ಮಾತಾಡಿದಾಗ ತಲೆಯಾಡಿಸುವುದೇ ಅವನ ದಿನದ ಕೆಲಸ.

ಕೊನೆಗೆ ಲೋಡಿಂಗ್ ಫೋಲ್ಡರಿನ ಮಾತು ಬಂತು. ಯಾವ ಲಾರಿಗೆ ಯಾವ ಸರಕು, ಯಾವುದು ಮೇಲೆ ಯಾವುದು ಕೆಳಗೆ, ಯಾವುದು ಮೊದಲು ಇಳಿಯಬೇಕು ಎಂಬುದೆಲ್ಲ ಇದ್ದದ್ದು ಅದರೊಳಗೆ. ಆಫೀಸಿನ ಜೀವವೇ ಅದು.

"ಆಫೀಸಿನೋರು ಯಾರಿಗೂ ಬೇಡ ಅಂತ ಹಾಕಿಬಿಡಿ. ನಾನು, ನನ್ನ ಮಗ, ಇಬ್ಬರೇ."

"ಮತ್ತೆ ಇವಳು?" ಅಳಿಯ ಕೇಳಿದ್ದು ಹೆಂಡತಿಯ ವಿಷಯ. ಆ ಫೋಲ್ಡರನ್ನು ಶುರುಮಾಡಿದವಳೂ ಅವಳೇ, ದಿನಾ ಬೆಳಿಗ್ಗೆ ತುಂಬುವವಳೂ ಅವಳೇ.

"ಅವಳು ಮನೆಯವಳಲ್ವೇ? ಮನೆಯವಳಿಗೆ ಬೇರೆ ಅನುಮತಿ ಯಾಕೆ?"

ಮಾವನ ಮುಂದೆ ಅಳಿಯ ಎದುರುಮಾತಾಡಿದ ದಾಖಲೆಯೇ ಇಲ್ಲ. "ಹೂಂ" ಎಂದು, ಅವರು ಹೇಳಿದ ಹಾಗೇ ಹಾಕಿದ.

ಸೋಮವಾರ ಬೆಳಿಗ್ಗೆ ಅಂಗಳದ ತುಂಬ ಲಾರಿ. ಹೆಂಡತಿ ಬಂದು ಕೂತು ಫೋಲ್ಡರ್ ಒತ್ತಿದಳು. 'ನಿಮಗೆ ಅನುಮತಿ ಇಲ್ಲ' ಎಂದಿತು ಪರದೆ.

"ಏನ್ರೀ ಇದು?"

"ಅದು... ನಿಮ್ಮಪ್ಪನೇ..."

"ನೀವೇನಂದ್ರಿ?"

"ನಾನೇನನ್ನಲಿ? ನೀನು ಮನೆಯವಳಂತೆ."

"ಸರಿ, ಮನೆಗೇ ಹೋಗ್ತೀನಿ." ಬ್ಯಾಗು ಹೆಗಲಿಗೇರಿಸಿ ನಡೆದೇಬಿಟ್ಟಳು.

"ಹೋಗಲಿ ಬಿಡಿ" ಎಂದು ಮಾವ ಎದೆಯುಬ್ಬಿಸಿ ಕೂತು ತಾವೇ ಒತ್ತಿದರು. ಅನುಮತಿ ಇಲ್ಲ. ಬಾಮೈದ ಒತ್ತಿದ. ಅವನಿಗೂ ಇಲ್ಲ. ಹೊರಗೆ ಲಾರಿಗಳ ಹಾರನ್ ಶುರುವಾಯಿತು.

"ನನ್ನ ಆಫೀಸಲ್ಲಿ ನನಗೇ ಬಾಗಿಲು ಹಾಕ್ತೀರಾ? ಆ ಅಡ್ಮಿನಿಸ್ಟ್ರೇಟರನ್ನ ಮೊದಲು ಕಿತ್ತುಹಾಕಿ!"

ಅಳಿಯ ಬೆವರು ಒರೆಸಿಕೊಳ್ಳುತ್ತ ಹುಡುಕಿದ. ತಪ್ಪು ಸಿಕ್ಕಿತು. ಆಫೀಸಿನವರು ಯಾರಿಗೂ ಬೇಡ ಎಂದು ಹಾಕಿದ್ದನಲ್ಲ, ಮಾವ, ಬಾಮೈದ ಇಬ್ಬರ ಹೆಸರೂ ಆಫೀಸಿನವರ ಗುಂಪಿನಲ್ಲೇ ಇತ್ತು. ಅವರಿಬ್ಬರಿಗೆ ಬೇಕು ಎಂದೂ ಹಾಕಿದ್ದ, ನಿಜ. ಆದರೆ ಒಬ್ಬನಿಗೇ ಬೇಕು, ಬೇಡ ಎರಡೂ ಬಂದರೆ ಸರ್ವರ್ ಹಿಡಿಯುವುದು ಬೇಡವನ್ನೇ. ಗುಂಪಿನಿಂದ ಇಬ್ಬರ ಹೆಸರನ್ನೂ ತೆಗೆದ. ಆದರೂ ತೆರೆಯಲಿಲ್ಲ.

"ಒಂದ್ಸಲ ಲಾಗೌಟ್ ಆಗಿ ಮತ್ತೆ ಒಳಗೆ ಬನ್ನಿ ಮಾವ."

ಮಾವ ಎದ್ದು ಬಾಗಿಲಿನಿಂದ ಹೊರಗೆ ಹೋಗಿ ಒಳಗೆ ಬಂದರು. ಯಾರೂ ನಗಲಿಲ್ಲ, ನಗುವ ಧೈರ್ಯ ಇದ್ದವಳು ಮನೆಗೆ ಹೋಗಿದ್ದಳು. ಅಳಿಯನೇ ಬಗ್ಗಿ ಕಂಪ್ಯೂಟರಿನಿಂದ ಲಾಗೌಟ್ ಮಾಡಿಸಿ ಮತ್ತೆ ಲಾಗಿನ್ ಮಾಡಿಸಿದ ಮೇಲೆ ಫೋಲ್ಡರ್ ತೆರೆಯಿತು.

ತೆರೆದದ್ದೇನೋ ಸರಿ, ಒಳಗಿದ್ದದ್ದರ ತಲೆಬುಡ ಇಬ್ಬರಿಗೂ ತಿಳಿಯಲಿಲ್ಲ. ಬಾಮೈದ ಅರ್ಧ ಗಂಟೆ ಹುಬ್ಬು ಗಂಟಿಕ್ಕಿ ಮೊದಲ ಲಾರಿಯ ಚೀಟಿ ತಯಾರಿಸಿದ. ಚಾಲಕ ಅದನ್ನು ಓದಿ, ಸಹೋದ್ಯೋಗಿಗಳನ್ನೆಲ್ಲ ಕರೆದು ಜೋರಾಗಿ ಓದಿ ಹೇಳಿದ. ಕೆಳಗೆ ಮೊಟ್ಟೆ, ಮೇಲೆ ನೆಲಕ್ಕೆ ಹಾಸುವ ಟೈಲ್ಸು.

ಅಂಗಳದ ನಗು ಒಳಗಿನವರೆಗೂ ಕೇಳಿಸಿತು. ಮಾವ ಮಗಳಿಗೆ ಫೋನ್ ಮಾಡಿದರು. ಎತ್ತಲಿಲ್ಲ. ಎರಡನೇ ಸಲಕ್ಕೆ ಎತ್ತಿ, "ಅಪ್ಪ, ಬಟ್ಟೆ ಒಣಹಾಕ್ತಿದೀನಿ. ಮನೆಯವಳಲ್ವಾ" ಎಂದು ಇಟ್ಟಳು. ಕೊನೆಗೆ ಅಳಿಯನನ್ನೇ ಅಟ್ಟಿದರು. ಅವನು ಹೋಗಿ ನಿಂತ, ಬೈಸಿಕೊಂಡ, ಉಳಿದ ಬಟ್ಟೆಯನ್ನು ತಾನೇ ಹರವಿದ, ಕರೆದುಕೊಂಡು ಬಂದ.

ಅವಳು ಕುರ್ಚಿ ಎಳೆದುಕೊಂಡು ಕೂತು, "ಹೂಂ, ಈಗ ನಾನು ಹೇಳಿದ ಹಾಗೆ ಹಾಕಿ" ಎಂದಳು. ಪೂರ್ತಿ ಹಕ್ಕು ಅವಳಿಗೆ. ತಮ್ಮನಿಗೆ ಏನೂ ಇಲ್ಲ. ಅಪ್ಪನಿಗೆ ಓದಲು ಮಾತ್ರ, ಒಂದಕ್ಷರ ಬದಲಾಯಿಸುವ ಹಾಗಿಲ್ಲ. ಆದರೆ ಅವರು ಲಾಗಿನ್ ಆದಾಗ ಪರದೆಯ ಮೇಲೆ 'ಅಧ್ಯಕ್ಷರು' ಎಂದು ಬರಬೇಕು. ಅದನ್ನು ನೋಡಿ ಮಾವ ಕನ್ನಡಕ ಒರೆಸಿಕೊಂಡರು. ಇಡೀ ಡೊಮೇನ್ ತಮ್ಮ ಕೈಗೆ ಬಂತೆಂದು ಅವರು ಇವತ್ತಿಗೂ ನಂಬಿದ್ದಾರೆ.

"ಆಯ್ತಲ್ಲ?" ಎಂದು ಅಳಿಯ ಎದ್ದ.

"ಆ ಅಡ್ಮಿನಿಸ್ಟ್ರೇಟರ್ ಯಾರು?" ಹೆಂಡತಿ ಕೇಳಿದಳು.

"ನಾನೇ" ಎಂದ ಅವನು, ಬೆಳಿಗ್ಗೆಯಿಂದ ಮೊದಲ ಸಲ ಕತ್ತೆತ್ತಿ.

"ಯಾರು ಏನು ಹೇಳಿದರೂ ಹೂಂ ಅನ್ನೋನ ಕೈಲಿ ಆ ಅಧಿಕಾರ ಇರೋದು ಬೇಡ. ಸ್ವಲ್ಪ ಆ ಕಡೆ ತಿರುಗಿ."

ಅವನು ತಿರುಗಿ ನಿಂತ. ಬೆನ್ನ ಹಿಂದೆ ಕೀಲಿಮಣೆಯ ಸದ್ದು ಕೇಳಿಸಿತು. ಹೊಸ ಪಾಸ್‌ವರ್ಡ್ ತುಂಬಾ ಉದ್ದವೇ ಇತ್ತು.