ಹುಲಿಗೆಮ್ಮ ಇನ್ನೂ ದಾರಿಯಲ್ಲಿದ್ದಾಳೆ

ನನ್ನ ಹೆಸರು ಉಚ್ಚಂಗೆಮ್ಮ. ಬಿ.ಎಡ್. ಕಾಲೇಜಿನ ಗೆಳತಿಯರು ಅದನ್ನು ಕತ್ತರಿಸಿ ‘ಉಮಾ’ ಮಾಡಿದ್ದರು, ನಾನು ಸುಮ್ಮನೆ ಒಪ್ಪಿಕೊಂಡಿದ್ದೆ. ಆಗ ನಾನು ಎಲ್ಲದಕ್ಕೂ ಸುಮ್ಮನಿರುತ್ತಿದ್ದೆ. ಈಗ ನನ್ನ ಬಾಯಿ ಕಂಡವರು ಇದನ್ನು ನಂಬುವುದಿಲ್ಲ, ಬಿಡಿ.

ಎಪ್ಪತ್ತೊಂಬತ್ತನೇ ಇಸವಿಯ ಮಾತು. ಬಿಳಿಚೋಡಿನ ಕುರಿ ಕಾಯುವ ಮನೆಯಿಂದ ಅಷ್ಟು ದೂರ ಓದಿದವಳು ನಾನೊಬ್ಬಳೇ. ನ್ಯಾಮತಿಯ ಒಂದು ಶಾಲೆಯಲ್ಲಿ ನನ್ನ ಮೊದಲ ಪರೀಕ್ಷಾ ಪಾಠ ಇತ್ತು. ಹಲಗೆಯ ಮೇಲೆ ತಾರೀಕು ಬರೆದು ಮಕ್ಕಳ ಕಡೆ ತಿರುಗಿದೆನೋ ಇಲ್ಲವೋ, ಮಾತು ಕಟ್ಟಿಹೋಯಿತು. ಗಂಟೆ ಬಾರಿಸುವವರೆಗೂ ಒಂದು ಮಾತು ಹೊರಡಲಿಲ್ಲ. ಕಾಲೇಜಿನ ಪ್ರಿನ್ಸಿಪಾಲರು ಕರೆದು, “ಚನ್ನಗಿರಿಗೆ ಹೋಗಿ ಪಂಚಾಕ್ಷರಪ್ಪ ಮೇಷ್ಟ್ರ ಚರಿತ್ರೆ ಕ್ಲಾಸು ನೋಡಮ್ಮ. ಕೊನೆಗೆ ಅಲ್ಲೇ ಪಾಠ ಮಾಡು. ಈ ಸಲವೂ ಬಾಯಿ ಬಿಡಲಿಲ್ಲ ಅಂದರೆ ಊರಿಗೆ ಹೊರಡು” ಎಂದರು. ಊರಿಗೆ ಹೊರಡುವುದೆಂದರೆ ಹೆಂಡತಿ ಸತ್ತ ಸೋದರಮಾವನಿಗೆ ಕೊರಳು ಕೊಡುವುದು. ಅಪ್ಪ ಆಗಲೇ ಮಾತು ಕೊಟ್ಟು ಕೂತಿದ್ದ.

ಹೈಸ್ಕೂಲು ಪೇಟೆಯ ನಡುವೆ ಇತ್ತು. ಕಿಟಕಿಯಿಂದ ನೋಡಿದರೆ ಬೆಟ್ಟ, ಅದರ ಮೇಲೆ ಕೋಟೆ. ಮಧ್ಯಾಹ್ನದ ಊಟ ಮುಗಿದ ಮೇಲಿನ ಪೀರಿಯಡ್ಡು ಮೇಷ್ಟ್ರದು. ಅಡಿಕೆ ಮಂಡಿಯ ಸಾಹುಕಾರರ ಮಕ್ಕಳು, ತಾಂಡಾದ ಹುಡುಗಿಯರು, ಪಾತ್ರೆಗೆ ಕಲಾಯಿ ಹಾಕುವವನ ಮಗ ದಾದಾಪೀರ್, ಸುತ್ತಲ ಹಳ್ಳಿಗಳಿಂದ ಬಸ್ಸು ಹತ್ತಿ ಬರುವವರು, ಎಲ್ಲ ಜಾತಿಯ ಮಕ್ಕಳೂ ಒತ್ತೊತ್ತಾಗಿ ಕೂತಿರುತ್ತಿದ್ದರು. ಬಿಸಿಲು, ಹೊಟ್ಟೆ ತುಂಬಿದ ಜೊಂಪು, ಹೊರಗೆಲ್ಲೋ ಕಲಾಯಿಯವನ ತಿದಿಯ ಉಸಿರು. ನಿವೃತ್ತಿಯ ಅಂಚಿನಲ್ಲಿದ್ದ ಮೇಷ್ಟ್ರು ಪುಸ್ತಕ ತೆಗೆಯುತ್ತಲೇ ಇರಲಿಲ್ಲ.

“ಕಣ್ಣು ಮುಚ್ಚಿರಿ” ಎನ್ನುತ್ತಿದ್ದರು. “ಈಗ ಪಾಳೇಗಾರರ ಕಾಲ. ಕೋಟೆ ಒಳಗೆ ಹೋಗ್ರಿ. ಏನು ಕಾಣ್ತೈತೆ?”

ಎಲ್ಲರೂ ಕಣ್ಣು ಮುಚ್ಚುತ್ತಿದ್ದರು. ಕೋಣೆ ಮೆಲ್ಲಗೆ ನೆಲ ಬಿಟ್ಟು ತೇಲಿದ ಹಾಗಾಗುತ್ತಿತ್ತು. ಸಾಹುಕಾರರ ಮಗ ಖಂಡಿತ ಸಿಂಹಾಸನದ ಪಕ್ಕದಲ್ಲೇ ಇರುತ್ತಿದ್ದ. ತಾಂಡಾದ ಹುಡುಗಿ ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಬಂದಿರುತ್ತಿದ್ದಳು. ದಾದಾಪೀರ್ ತೋಪಿಗೆ ಮದ್ದು ತುಂಬುತ್ತಿದ್ದ, ಅವನ ಮೂಗಿಗೆ ಅದರ ವಾಸನೆಯೂ ಬಡಿಯುತ್ತಿತ್ತಂತೆ. ಹಿಂದಿನ ಬೆಂಚಿನಲ್ಲಿ ಕೂತ ನನಗೂ ಬಡಿಯಿತು, ಸುಳ್ಳು ಯಾಕೆ ಹೇಳಲಿ!

“ಹುಲಿಗೆಮ್ಮ, ನೀನು ಎಲ್ಲಿದೀಯವ್ವ?” ಎಂದು ಮೇಷ್ಟ್ರು ಕೇಳಿದರು.

ನನ್ನ ಮುಂದಿನ ಬೆಂಚಿನ ಹುಡುಗಿ, ಹಳ್ಳಿಯಿಂದ ಬಸ್ಸು ಹತ್ತಿ ಬರುವವಳು. ಕತ್ತು ನೆಟ್ಟಗೆ, ಎರಡೂ ಕೈ ತಲೆಯ ಮೇಲೆ. “ಇನ್ನೂ ಬಂದಿಲ್ಲ ಸಾರ್. ಕತ್ತಲಗೆರೆ ಊರಿನ ಕೆರೆ ಏರಿ ಮ್ಯಾಲೆ ಇದೀನಿ.”

“ಅಲ್ಲೇನು ಮಾಡ್ತೀ?”

“ನಡಕೊಂಡು ಬರಾಕೆ ಹೊತ್ತಾಗ್ತೈತಲ್ಲ ಸಾರ್. ಆಗ ಬಸ್ಸು ಇರಲಿಲ್ಲ. ತಲೆ ಮ್ಯಾಲೆ ಹುಲ್ಲು ಹೊರೆ ಬ್ಯಾರೆ ಐತೆ. ರಾಜರ ಕುದುರೆಗೆ.”

ಕ್ಲಾಸು ಗೊಳ್ಳೆಂದಿತು. ಮೇಷ್ಟ್ರೂ ನಕ್ಕು, “ಬಾ ಬಾ, ನಿಧಾನಕ್ಕೆ ಬಾ” ಎಂದು ಮುಂದಿನವರ ಕಡೆ ಹೋದರು. ಒಳ್ಳೆಯ ಮನುಷ್ಯ. ಆದರೆ ಕೋಟೆ ಸೇರಿದವರ ಗದ್ದಲದಲ್ಲಿ ದಾರಿಯಲ್ಲಿದ್ದವಳು ಮರೆತೇ ಹೋಗುತ್ತಿದ್ದಳು. ಮಾರನೆಯ ದಿನ ಕೇಳಿದರೆ ಹುಣಸೆ ತೋಪು, ಮತ್ತೊಂದು ದಿನ ಹಳ್ಳದ ದಂಡೆ. ‘ಹುಲಿಗೆಮ್ಮ ಎಕ್ಸ್‌ಪ್ರೆಸ್ಸು ಲೇಟು’ ಎಂದು ಹುಡುಗರು ಗೇಲಿ ಮಾಡುತ್ತಿದ್ದರು. ನನಗೆ ಅವರ ಕಿವಿ ಹಿಂಡುವಷ್ಟು ಸಿಟ್ಟು ಬರುತ್ತಿತ್ತು.

ನನ್ನ ಪರೀಕ್ಷಾ ಪಾಠದ ಹಿಂದಿನ ದಿನ ಅವಳು ನಲ್ಲಿಯ ಹತ್ತಿರ ಸಿಕ್ಕಳು. “ಅಲ್ಲವೇ, ಇಷ್ಟು ದಿನ ನಡೆದರೂ ಕೋಟೆ ಬರಲಿಲ್ಲವೇನೇ?” ಎಂದೆ.

ಅವಳು ಬೊಗಸೆಯ ನೀರು ಚೆಲ್ಲಿ ಕೈ ಒರೆಸಿಕೊಂಡಳು. “ಬೆಟ್ಟದ ಬುಡಕ್ಕೆ ಬಂದೀನಿ ಮಿಸ್. ಒಳಗೆ ಬಿಡ್ತಾರೋ ಇಲ್ಲೋ ಅಂತ ಮೆಲ್ಲಕೆ ನಡೀತಿದೀನಿ. ನಮ್ಮೋರು ಹೊರೆ ತಂದ್ರೆ ಬಾಗ್ಲ ಹೊರಗೇ ಒಗೆದು ತಿರುಗಿ ಬರಬೇಕಿತ್ತಂತೆ. ನಮ್ಮಜ್ಜಿ ಹೇಳ್ತಾಳೆ.”

ಅದು ನನ್ನದೇ ಮಾತು ಅನ್ನಿಸಿತು. ಯಾಕೆಂದರೆ ಹಿಂದಿನ ಬೆಂಚಿನಲ್ಲಿ ಕಣ್ಣು ಮುಚ್ಚಿದಾಗಲೆಲ್ಲ ನಾನೂ ಒಳಗೆ ಹೋಗಿರಲಿಲ್ಲ. ಅಪ್ಪನ ಕುರಿಗಳ ಜೊತೆ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಕೋಟೆಯ ಹೆಬ್ಬಾಗಿಲ ಹೊರಗೆ ನಿಂತಿರುತ್ತಿದ್ದೆ. ಮದ್ದಿನ ವಾಸನೆ ಬರುತ್ತಿದ್ದದ್ದು ಗೋಡೆಯ ಆಚೆಯಿಂದ. ನ್ಯಾಮತಿಯಲ್ಲಿ ಮಾತು ಕಟ್ಟಿದಾಗಲೂ ನಾನು ಇಂಥದೇ ಒಂದು ಬಾಗಿಲ ಹೊರಗೆ ನಿಂತಿದ್ದೆ ಎಂದು ಆಗ ಹೊಳೆಯಿತು. ಹೊಳೆದು ಏನು ಬಂತು, ಅವಳಿಗೆ ಏನೂ ಹೇಳದೆ ಬಂದುಬಿಟ್ಟೆ.

ಮರುದಿನ ಪರೀಕ್ಷಕರು ಬಂದು ಕಿಟಕಿಯ ಪಕ್ಕ ಕೂತರು. ದಪ್ಪ ಕನ್ನಡಕ, ಕೈಯಲ್ಲಿ ಪೆನ್ನು. ಪಂಚಾಕ್ಷರಪ್ಪ ಮೇಷ್ಟ್ರು ನಾನು ಕೂರುತ್ತಿದ್ದ ಹಿಂದಿನ ಬೆಂಚಿಗೆ ಹೋಗಿ ಕೂತರು. ನಾನು ಹಲಗೆಯ ಮೇಲೆ ‘ಕೋಟೆ’ ಎಂದು ಬರೆದು ತಿರುಗಿದೆ. “ಎಲ್ಲರೂ ಕಣ್ಣು ಮುಚ್ಚಿಕೊಳ್ಳಿರಿ” ಎಂದೆ. ಅಷ್ಟು ಹೊರಟಿತು. ಮಕ್ಕಳು ಕಣ್ಣು ಮುಚ್ಚಿದರು.

ಮುಂದಿನ ಮಾತು ಬರಲಿಲ್ಲ. ಬಾಯಿಪಾಠ ಮಾಡಿದ್ದ ಶುದ್ಧ ಪುಸ್ತಕದ ವಾಕ್ಯಗಳೆಲ್ಲ ಎಲ್ಲಿಗೆ ಹೋದವೋ! ಬಿಸಿಲಿನಲ್ಲಿ ಸೀಮೆಸುಣ್ಣದ ಧೂಳು ತೇಲುತ್ತಿತ್ತು, ಮಕ್ಕಳ ಮುಖಗಳು ನೀರಿನೊಳಗಿಂದ ಕಂಡ ಹಾಗೆ ಕಾಣುತ್ತಿದ್ದವು. ಪರೀಕ್ಷಕರು ಗಡಿಯಾರ ನೋಡಿದರು. ಪೆನ್ನಿನ ಮುಚ್ಚಳ ತೆಗೆದರು. ಮುಗಿಯಿತು, ಇನ್ನು ಸೋದರಮಾವನ ಮನೆಯೇ ಗತಿ ಅಂದುಕೊಂಡೆ.

“ಮಿಸ್, ಬಂದೆ” ಎಂದಿತು ಒಂದು ದನಿ.

ಹುಲಿಗೆಮ್ಮ. ಕಣ್ಣು ಮುಚ್ಚಿಯೇ ಇತ್ತು, ಕೈ ತಲೆಯ ಮೇಲೆ.

“ಬಾಗ್ಲ ಹತ್ರ ನಿಂತೀನಿ. ಹಾಕೈತೆ ಮಿಸ್. ಹೊರೆ ಇಲ್ಲೇ ಒಗೆದು ಹೋಗ್ಲಾ?”

ಯಾರೂ ನಗಲಿಲ್ಲ. ನನ್ನ ಬಾಯಿಂದ ಮಾತು ಹೊರಟಿತು. ಅಳುವೋ ಸಿಟ್ಟೋ ತಿಳಿಯದು. ಬಂದದ್ದು ಪುಸ್ತಕದ ಕನ್ನಡವಂತೂ ಅಲ್ಲ.

“ಒಗೀಬ್ಯಾಡ! ನಿಂದ್ರು. ನಾನೂ ಅಲ್ಲೇ ಇದೀನಿ ಕಣೆ, ನಿನ್ನ ಪಕ್ಕದಾಗೆ, ಕುರಿ ಹೊಡಕೊಂಡು. ಇಬ್ರೂ ಸೇರಿ ನೂಕಾನ ಬಾ.”

“ನೂಕೀನಿ ಮಿಸ್. ಅಲ್ಲಾಡ್ತಿಲ್ಲ.”

“ಹೊರಗಿಂದ ಹೆಂಗೆ ಅಲ್ಲಾಡ್ತೈತೆ? ಅಗುಳಿ ಒಳಗೈತೆ. ಒಳಗೆ ಯಾರದೀರಿ? ಕೇಳಿಸ್ತೈತಾ ನಮ್ಮ ಕೂಗು?”

ದಾದಾಪೀರ್ ಬೆಂಚಿನಿಂದ ಎದ್ದೇಬಿಟ್ಟ, ಕಣ್ಣು ಮುಚ್ಚಿಕೊಂಡೇ. “ಮಿಸ್, ನಾನು ತೋಪಿನ ಹತ್ರ ಇದ್ದೆ. ಬಂದೆ ತಡೀರಿ. ಅಗುಳಿ ಭಾಳ ಭಾರ ಐತೆ, ಇನ್ನೊಬ್ರು ಬೇಕು.” ತಾಂಡಾದ ಹುಡುಗಿ ತಾನೂ ಬಂದೆ ಎಂದಳು. ಸಾಹುಕಾರರ ಮಗ ಸ್ವಲ್ಪ ಹೊತ್ತು ಹಿಂದೆಮುಂದೆ ನೋಡಿ, “ನಾನೂ ಇಳಿದು ಬರ್ತೀನಿ ಮಿಸ್” ಎಂದ. ಹಿಂದಿನ ಬೆಂಚಿನಲ್ಲಿ ಪಂಚಾಕ್ಷರಪ್ಪ ಮೇಷ್ಟ್ರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಪರೀಕ್ಷಕರ ಪೆನ್ನು ಮೇಜಿನ ಮೇಲಿತ್ತು, ಕನ್ನಡಕ ತೆಗೆದಿಟ್ಟು ಅವರೂ ಕಣ್ಣು ಮುಚ್ಚಿದ್ದರು.

“ತೆಗೀತಾ?” ಎಂದು ಕೇಳಿದೆ.

“ತೆಗೀತು ಮಿಸ್” ಎಂದಳು ಹುಲಿಗೆಮ್ಮ. “ಹೊರೆ ಎಲ್ಲಿ ಇಳಿಸ್ಲಿ?”

“ನಡು ಅಂಗಳದಾಗೆ ಇಳಿಸವ್ವ. ಎಲ್ರಿಗೂ ಕಾಣೋ ಹಂಗೆ.”

ಅಷ್ಟು ದಿನ ತಲೆಯ ಮೇಲಿದ್ದ ಆ ಎರಡು ಕೈಗಳು ಕೆಳಗಿಳಿದವು. ಕತ್ತು ಆಚೆ ಈಚೆ ಹೊರಳಿಸಿ, “ಉಸ್ಸಪ್ಪಾ” ಎಂದು ಉಸಿರು ಬಿಟ್ಟಳು.

“ಈಗ ಎಲ್ರೂ ಬಂದ್ರಾ?” ಎಂದೆ. ಎಲ್ಲರೂ ಬಂದಿದ್ದರು. ಪಾಠ ಶುರು ಮಾಡಿದೆ.