ಮೂರನೇ ನಂಬರಿನ ಅರ್ಜಿ

ಶಾಲೆಯ ಸಭೆಗೆ ಹೊರಡುವ ಮೊದಲು ಚಿಕ್ಕವಳು ಅಪ್ಪನಿಗೆ ಎರಡು ಮಾತು ಹೇಳಿದಳು. ಲಾಂಡ್ರಿಯ ವ್ಯಾನನ್ನು ಗೇಟಿನ ಎದುರು ನಿಲ್ಲಿಸಬಾರದು, ಹಿಂದಿನ ಬೀದಿಯಲ್ಲಿ ನಿಲ್ಲಿಸಬೇಕು. ಏನು ಕೆಲಸ ಎಂದು ಯಾರಾದರೂ ಕೇಳಿದರೆ ‘ಹೋಟೆಲುಗಳ ಜೊತೆ ವ್ಯವಹಾರ’ ಎಂದರೆ ಸಾಕು.

“ಸುಳ್ಳೇನೂ ಅಲ್ವಲ್ಲ,” ಎಂದಳು.

“ಅಲ್ಲ,” ಎಂದ ಅಪ್ಪ. “ಹೋಟೆಲಿನವರ ಬೆಡ್‌ಶೀಟಿನ ಜೊತೆ ವ್ಯವಹಾರ. ಹೋಟೆಲಿನವರು ನನ್ನ ಮುಖ ನೋಡಿದ್ದೇ ಕಮ್ಮಿ.”

ಇಸ್ತ್ರಿ ಯಂತ್ರದ ಆಚೆಯಿಂದ ದೊಡ್ಡವಳು ನಕ್ಕಳು. “ಬಾಯಿಗೆ ಬೀಗ ಹಾಕ್ಕೊಂಡು ಹೋಗಪ್ಪ. ಕೀ ಇವಳ ಕೈಗೆ ಕೊಟ್ಬಿಡು.”

ಚಿಕ್ಕವಳದು ಶಾಲೆಯ ಕೊನೆಯ ವರ್ಷ. ಬಂದ ಅರ್ಜಿಗಳಲ್ಲಿ ಹತ್ತರಲ್ಲಿ ಒಂಬತ್ತನ್ನು ಬೇಡ ಎನ್ನುವ ಮೂರು ವಿಶ್ವವಿದ್ಯಾಲಯಗಳಿಗೆ ಅವಳು ಅರ್ಜಿ ಹಾಕುವವಳಿದ್ದಳು. ಎರಡು ವರ್ಷದ ಹಿಂದೆ ಇದೇ ಶಾಲೆಯಿಂದ ದೊಡ್ಡವಳೂ ಅದೇ ಮೂರು ಕಡೆ ಹಾಕಿದ್ದಳು. ಮೂರೂ ಕಡೆ ಬೇಡ ಎಂದಿದ್ದರು. ಅವಳು ಅತ್ತದ್ದನ್ನು ಯಾರೂ ನೋಡಲಿಲ್ಲ. ಹಗಲು ಲಾಂಡ್ರಿ ನೋಡಿಕೊಂಡು ಸಂಜೆ ಕಾಲೇಜಿಗೆ ಸೇರಿಕೊಂಡಳು. ಆಮೇಲೆ ಮನೆಯಲ್ಲಿ ಆ ವಿಷಯ ಯಾರೂ ಎತ್ತಲಿಲ್ಲ. ಅಮ್ಮ ಇರುವಾಗಲೂ ಆ ಮನೆಯಲ್ಲಿ ಮಾತು ಕಮ್ಮಿಯೇ. ಅಮ್ಮ ತೀರಿಕೊಂಡ ಮೇಲೆ ಯಂತ್ರಗಳ ಸದ್ದೇ ಹೆಚ್ಚಾಗಿತ್ತು.

ಸಭೆ ನಡೆದದ್ದು ಶಾಲೆಯ ಗ್ರಂಥಾಲಯದಲ್ಲಿ. ಆ ವರ್ಷ ಹೊಸದಾಗಿ ಬಂದಿದ್ದ ಮಾರ್ಗದರ್ಶಿ ಟೀಚರ್ ಪ್ರತಿ ಮೇಜಿಗೂ ನಾಲ್ಕು ಅರ್ಜಿಗಳ ಪ್ರತಿ ಹಂಚಿದ್ದರು. ಎಲ್ಲ ನಿಜವಾದ ಅರ್ಜಿಗಳು. ಹಳೆಯ ವಿದ್ಯಾರ್ಥಿಗಳ ಒಪ್ಪಿಗೆ ಪಡೆದು, ಹೆಸರು ಮತ್ತು ಊರಿನ ಮೇಲೆ ಕಪ್ಪು ಪಟ್ಟಿ ಬಳಿದದ್ದು. ಹೆಸರಿನ ಬದಲು ನಂಬರು.

“ಇವತ್ತು ನೀವೇ ಆಯ್ಕೆ ಸಮಿತಿ,” ಎಂದರು ಟೀಚರ್. “ನಾಲ್ಕರಲ್ಲಿ ಒಬ್ಬರಿಗೆ ಮಾತ್ರ ಸೀಟು. ಮಕ್ಕಳು ವಾದ ಮಾಡಿ. ದೊಡ್ಡವರು ಕೊನೆಗೆ ಕೈ ಎತ್ತಿ. ಆ ಕಡೆ ಕೂತು ನೋಡಿದರೆ ನಿಮ್ಮ ಅವಕಾಶ ಎಷ್ಟು ಅಂತ ನಿಮಗೇ ತಿಳಿಯುತ್ತೆ.”

ಚಿಕ್ಕವಳ ಮೇಜಿನಲ್ಲಿ ಅವಳು, ಅಪ್ಪ, ಪರ್ಸೆಂಟ್ ಎಂಬ ಸಹಪಾಠಿ ಮತ್ತು ಅವನ ತಾಯಿ. ತರಗತಿಯಲ್ಲಿ ಯಾರಿಗೆ ಎಲ್ಲಿ ಸೀಟು ಸಿಗುವ ಸಾಧ್ಯತೆ ಎಷ್ಟು ಎಂದು ಕೇಳದಿದ್ದರೂ ಹೇಳುತ್ತಿದ್ದದ್ದರಿಂದ ಅವನಿಗೆ ಆ ಹೆಸರು ಬಿದ್ದಿತ್ತು. ಚಿಕ್ಕವಳಿಗೆ ಹದಿನೆಂಟು ಕೊಟ್ಟಿದ್ದ. ತನಗೆ ಮೂವತ್ತೊಂದು. ಅವನ ತಾಯಿ ದಂತವೈದ್ಯೆ. ಕೂತ ಕೂಡಲೇ ಅಪ್ಪನ ಕಡೆ ನೋಡಿ ನಕ್ಕರು. ಅಪ್ಪ ಬಾಯಿ ಮುಚ್ಚಿಕೊಂಡೇ ನಕ್ಕ. ಸೋಡಾ ಮತ್ತು ಬ್ಲೀಚಿನಿಂದ ಬಿರಿದ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡಿದ್ದ. ಹಾಗೆ ಇಡು ಎಂದು ಚಿಕ್ಕವಳು ಹೇಳಿರಲಿಲ್ಲ.

ಮೊದಲ ಅರ್ಜಿ ಪಿಟೀಲು ನುಡಿಸುವವರದು. ಎರಡನೆಯದು ನದಿಯ ನೀರನ್ನು ಪರೀಕ್ಷೆ ಮಾಡಿ ಬಹುಮಾನ ಪಡೆದವರದು. ನಾಲ್ಕನೆಯದರಲ್ಲಿ ಅಂಕಗಳು ಎಲ್ಲಕ್ಕಿಂತ ಚೆನ್ನಾಗಿದ್ದವು, ಬೇರೆ ಏನೂ ಇರಲಿಲ್ಲ.

“ಮೂರನೇದು ನೋಡು,” ಎಂದ ಪರ್ಸೆಂಟ್, ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು. “ಸಾಧನೆ ಅನ್ನೋ ಜಾಗದಲ್ಲಿ ಏನು ಬರ್ದಿದಾರೆ ಗೊತ್ತಾ? ‘ಮನೆಯ ಲಾಂಡ್ರಿ ನಡೆಸಿದ್ದು.’ ಬಟ್ಟೆ ಒಗ್ಯೋದು ಸಾಧನೆ ಆದ್ರೆ ನಮ್ಮನೆ ವಾಷಿಂಗ್ ಮೆಷಿನ್ನಿಗೂ ಸೀಟು ಕೊಡ್ಬೇಕು.”

“ಏಯ್,” ಎಂದರು ಅವನ ತಾಯಿ, ನಗುತ್ತಲೇ.

ಚಿಕ್ಕವಳೂ ನಕ್ಕಳು. ನಕ್ಕು ಹಾಳೆ ತಿರುವಿದಳು.

ಪ್ರಬಂಧ ಚಿಕ್ಕದಾಗಿತ್ತು. ಅಪ್ಪನ ಬೆನ್ನಿನ ಶಸ್ತ್ರಚಿಕಿತ್ಸೆಯ ವರ್ಷ ಅಂಗಡಿ ನೋಡಿಕೊಂಡದ್ದು. ಆಸ್ಪತ್ರೆಯ ಶೀಟುಗಳೂ ಹೋಟೆಲಿನ ಶೀಟುಗಳೂ ಬೆರೆತುಹೋಗಿ ಗಿರಾಕಿಗಳು ಜಗಳಕ್ಕೆ ಬರುತ್ತಿದ್ದದ್ದು. ಶಾಯಿಯ ಗುರುತು ಬ್ಲೀಚಿಗೆ ನಿಲ್ಲದೆ ಪ್ರತಿ ಶೀಟಿನ ಮೂಲೆಗೂ ಬಣ್ಣದ ದಾರದಲ್ಲಿ ಆಯಾ ಗಿರಾಕಿಯ ಗುರುತಿನ ಹೊಲಿಗೆ ಹಾಕಿದ್ದು. ಯಾವ ಬಣ್ಣದ ದಾರ ಎಷ್ಟು ಒಗೆತಕ್ಕೆ ಮಾಸುತ್ತದೆ ಎಂದು ನೋಡಲು ಚಿಂದಿ ಬಟ್ಟೆಗಳನ್ನು ತಿಂಗಳುಗಟ್ಟಲೆ ಒಗೆದದ್ದು. ಹಸಿರು ಬೇಗ ಸೋಲುತ್ತದೆ, ಕೆಂಪು ಪಕ್ಕದ ಬಟ್ಟೆಗೆ ಹತ್ತುತ್ತದೆ, ಕಡುನೀಲಿ ನಿಲ್ಲುತ್ತದೆ.

ಚಿಕ್ಕವಳು ಮಲಗುತ್ತಿದ್ದ ಹಾಸಿಗೆಯ ಶೀಟಿನ ಮೂಲೆಯಲ್ಲೂ ಕಡುನೀಲಿ ದಾರವಿತ್ತು.

ಅವಳು ತಲೆ ಎತ್ತಲಿಲ್ಲ. ಪಕ್ಕದಲ್ಲಿ ಅಪ್ಪ ಬಾಗಿಕೊಂಡು ಅದೇ ಹಾಳೆಯನ್ನು ನಿಧಾನವಾಗಿ ಓದುತ್ತಿದ್ದ. ಕಣ್ಣು ಒಂದು ಸಾಲಿನ ಮೇಲೆ ನಿಂತಿತ್ತು. ಈಗ ‘ಇದು ನಮ್ಮಕ್ಕಂದು’ ಎಂದರೆ ಮುಗಿಯುತ್ತಿತ್ತು. ಅಕ್ಕಂದು ಎನ್ನದೆ, ಇದು ಒಳ್ಳೆಯ ಅರ್ಜಿ ಎಂದಿದ್ದರೂ ಸಾಕಿತ್ತು. ಆದರೆ ಹಾಗೆಂದರೆ ಪರ್ಸೆಂಟ್ ಯಾಕೆ ಎಂದು ಕೇಳುತ್ತಾನೆ. ದಾರದ ವಿಷಯ ಬಿಡಿಸಿ ಹೇಳಬೇಕಾಗುತ್ತದೆ. ನಿನಗೆ ಹೇಗೆ ಗೊತ್ತು ಎನ್ನುತ್ತಾನೆ. ನಾಳೆ ಬೆಳಿಗ್ಗೆಯೊಳಗೆ ಇಡೀ ತರಗತಿಗೆ ಅವಳೇ ವಾಷಿಂಗ್ ಮೆಷಿನ್ ಆಗಿರುತ್ತಾಳೆ.

ಅಷ್ಟರಲ್ಲಿ ಟೀಚರ್ ಅವಳ ಬೆನ್ನ ಹಿಂದೆ ಬಂದು ನಿಂತರು. ಶಿಫಾರಸು ಪತ್ರ ಬರೆಯುವವರು ಅವರೇ.

“ಮೂರನೇದನ್ನ ಮೊದಲು ತೆಗೀಬೇಕು,” ಎಂದಳು ಚಿಕ್ಕವಳು. ದನಿ ಚರ್ಚಾಸ್ಪರ್ಧೆಯಲ್ಲಿ ಬರುವಂತೆ ತಾನಾಗಿಯೇ ಗಟ್ಟಿಯಾಗಿ ಬಂತು. “ಅಯ್ಯೋ ಅನ್ನಿಸೋದು ಬೇರೆ, ಆಯ್ಕೆ ಮಾಡೋದು ಬೇರೆ. ಮನೆಯವರಿಗೆ ಸಹಾಯ ಮಾಡಿದ್ದು ಒಳ್ಳೆಯದೇ, ಅದು ಅವರವರ ಮನೆ ವಿಷಯ. ಒಂದು ಅವಧೀಲಿ ಅಂಕ ಬಿದ್ದಿದೆ. ಮನೇಲಿ ಕಷ್ಟ ಇತ್ತು ಅಂತಾರೆ. ಅಲ್ಲಿ ಹೋದ ಮೇಲೆ ಮನೇಲಿ ಮತ್ತೆ ಕಷ್ಟ ಬಂದ್ರೆ?”

“ಹೌದಲ್ವಾ,” ಎಂದರು ದಂತವೈದ್ಯೆ.

ಅಲ್ಲಿಗೆ ಸಾಕಾಗಿತ್ತು. ಅಪ್ಪ ಅವಳ ಕಡೆ ನೋಡುತ್ತಿದ್ದ. ಅದೇ ಕಾರಣಕ್ಕೆ ಅವಳು ಇನ್ನೂ ಒಂದು ಮಾತು ಸೇರಿಸಿದಳು. ನಿಲ್ಲಿಸಿದರೆ ಅಕ್ಕಂದು ಎಂದು ಗೊತ್ತಾಗಿಯೇ ನಿಲ್ಲಿಸಿದಳು ಎಂದಾಗುತ್ತದೆ ಎನ್ನಿಸಿತು.

“ಇಂಥವರು ಅಲ್ಲಿಗೆ ಹೋದ್ರೂ ಉಳಿಯಲ್ಲ. ವಾಪಸ್ ಅಂಗಡಿಗೇ ಬರ್ತಾರೆ.”

ದೊಡ್ಡವರು ಕೈ ಎತ್ತುವ ಹೊತ್ತು ಬಂದಾಗ ದಂತವೈದ್ಯೆ ಎರಡನೆಯ ಅರ್ಜಿಗೆ ಕೈ ಎತ್ತಿದರು. ಅಪ್ಪ ಮೂರಕ್ಕೆ ಎತ್ತಿದ. ಮೇಜಿನ ಕೆಳಗಿದ್ದ ಕೈ ಮೊದಲ ಸಲ ಮೇಲೆ ಬಂತು.

“ನಿಮಗೆ ಅದ್ಯಾಕೆ ಹಿಡಿಸ್ತು?” ದಂತವೈದ್ಯೆ ಮರ್ಯಾದೆಯಿಂದಲೇ ಕೇಳಿದರು.

“ಶೀಟು ಕಳೆಯೋದು ನಿಂತಿತು,” ಎಂದ ಅಪ್ಪ. ಆಮೇಲೆ, “ಅಂತ ಬರ್ದಿದಾರಲ್ಲ,” ಎಂದು ಸೇರಿಸಿದ.

ಸಮಸಮ ಆದದ್ದರಿಂದ ಮಕ್ಕಳ ಮಾತನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಎರಡನೆಯ ಅರ್ಜಿ ಗೆದ್ದಿತು. ಕೊನೆಯಲ್ಲಿ ಟೀಚರ್ ಆ ಅರ್ಜಿ ಹಾಕಿದ್ದ ನಾಲ್ವರಿಗೂ ನಿಜವಾಗಿ ಏನಾಯಿತು ಎಂದು ಓದಿ ಹೇಳಿದರು. ಮೂರನೆಯವರನ್ನು ಯಾವ ಕಡೆಯೂ ತೆಗೆದುಕೊಂಡಿರಲಿಲ್ಲ. “ಈ ಮೇಜಿನವರು ನಿಜವಾದ ಸಮಿತಿ ಥರಾನೇ ಯೋಚಿಸಿದ್ದೀರಿ,” ಎಂದು ಚಿಕ್ಕವಳ ಭುಜ ಮುಟ್ಟಿದರು. “ಎಷ್ಟು ಚೆನ್ನಾಗಿ ಮಾತಾಡ್ತೀಯಮ್ಮ. ಮುಲಾಜಿಲ್ಲದೆ ತೀರ್ಮಾನ ಮಾಡ್ತಾಳೆ ಅಂತ ಪತ್ರದಲ್ಲಿ ಬರೀತೀನಿ.”

“ಇಪ್ಪತ್ತೈದು,” ಎಂದ ಪರ್ಸೆಂಟ್ ಹೊರಡುವಾಗ. “ಇವತ್ತಿಂದ ನಿನಗೆ ಇಪ್ಪತ್ತೈದು.”

ಇಬ್ಬರೂ ಹಿಂದಿನ ಬೀದಿಗೆ ನಡೆದು ವ್ಯಾನು ಹತ್ತಿದರು. ವ್ಯಾನಿನ ಒಳಗೆ ಒದ್ದೆ ಹತ್ತಿಯ ವಾಸನೆ. ಹಿಂದೆ ಆಸ್ಪತ್ರೆಯ ಮೂಟೆಗಳಿದ್ದವು. ತಿರುವಿನಲ್ಲೆಲ್ಲ ಒಂದಕ್ಕೊಂದು ಒರಗಿಕೊಳ್ಳುತ್ತಿದ್ದವು.

“ಅದು ಬರೀ ಆಟ ಅಪ್ಪ.”

“ಗೊತ್ತು.”

ಸ್ವಲ್ಪ ದೂರ ಹೋದ ಮೇಲೆ ಅಪ್ಪನೇ ಕೇಳಿದ. “ದಾರದ ವಿಷಯ ಓದಿದ್ದು ಯಾವಾಗ? ಮಾತಾಡೋಕೆ ಮುಂಚೆನೋ, ಆಮೇಲೋ?”

“ಆಮೇಲೆ,” ಎಂದಳು.

“ಹೂಂ,” ಎಂದ ಅಪ್ಪ. ಅವನು ನಂಬಲಿಲ್ಲ ಎಂದು ಅವಳಿಗೆ ಗೊತ್ತಾಯಿತು. ನಂಬಿದವನಂತೆ ಗೇರು ಬದಲಾಯಿಸಿದ. ಅವಳಿಗೆ ಇಳಿದು ನಡೆದುಕೊಂಡೇ ಹೋಗೋಣ ಎನ್ನಿಸಿತು, ಆದರೆ ವ್ಯಾನು ಆಗಲೇ ಅಂಗಡಿಯ ಬೀದಿಗೆ ತಿರುಗಿತ್ತು.

ದೊಡ್ಡವಳು ಅಂಗಡಿಯ ಉದ್ದನೆಯ ಮೇಜಿನ ಮೇಲೆ ದಿಂಬಿನ ಕವರುಗಳನ್ನು ಎಣಿಸಿ ಕಟ್ಟುತ್ತಿದ್ದಳು. ಅವತ್ತು ಅವಳಿಗೆ ಕಾಲೇಜಿಗೆ ರಜೆ. ಹಬೆಯಿಂದ ಕೂದಲು ಹಣೆಗೆ ಅಂಟಿತ್ತು.

“ಏನಮ್ಮಾ ಜಡ್ಜಮ್ಮ, ಯಾರ್ಯಾರ ಬಾಯಿಗೆ ಮಣ್ಣು ಹಾಕಿ ಬಂದೆ?” ಎಂದಳು. ಉತ್ತರ ಬರುವ ಮೊದಲೇ, ಕೈಯಲ್ಲಿದ್ದ ಕಟ್ಟನ್ನು ಕೆಳಗಿಟ್ಟು, “ನಂದಿತ್ತಾ?” ಎಂದಳು.

ಚಿಕ್ಕವಳು ಅಪ್ಪನ ಕಡೆ ನೋಡಿದಳು.

“ಆ ಟೀಚರ್ ಫೋನ್ ಮಾಡಿದ್ರು, ಹಳೇ ಅರ್ಜಿ ಉಪಯೋಗಿಸ್ಲಾ ಅಂತ. ಹೂಂ ಅಂದೆ. ನೀನು ಅದೇ ಸ್ಕೂಲಲ್ಲಿ ಇದೀಯ ಅಂತ ಹೇಳ್ಲಿಲ್ಲ, ಹೇಳಿದ್ರೆ ತೆಗೆದಿಡ್ತಿದ್ರು. ಯಾರಾದ್ರೂ ಓದ್ಲಿ ಅನ್ನಿಸ್ತು. ಅವತ್ತು ಬೇಡ ಅಂದ ಪುಣ್ಯಾತ್ಮರು ಓದಿದ್ರೋ ಇಲ್ವೋ.” ನಗುತ್ತಿದ್ದಳು, ಆದರೆ ನಗು ಅರ್ಧದಲ್ಲಿ ನಿಂತು ಉತ್ತರಕ್ಕೆ ಕಾಯುತ್ತಿತ್ತು. “ಇತ್ತಾ, ಇಲ್ವಾ?”

“ಇತ್ತು,” ಎಂದ ಅಪ್ಪ, ಮೂಟೆ ಇಳಿಸುತ್ತ. “ನಮ್ಮ ಮೇಜಿಗೇ ಬಂದಿತ್ತು. ತಗೊಂಡ್ರು.”

“ಏನಂದೆ?”

“ನಿನಗೇ ಸೀಟು. ಇವಳೇ ಮಾತಾಡಿದ್ದು ನಿನ್ನ ಪರ. ಟೀಚರ್ ಭುಜ ತಟ್ಟಿದ್ರು. ಕೇಳು ಬೇಕಾದ್ರೆ.”

ಅಪ್ಪ ಇವರ ಕಡೆ ಬೆನ್ನು ಮಾಡಿ ಇನ್ನೊಂದು ಮೂಟೆ ತರಲು ಹೋದ. ದೊಡ್ಡವಳು ಮೇಜು ಬಳಸಿಕೊಂಡು ಬಂದು ಚಿಕ್ಕವಳ ಕೆನ್ನೆಯನ್ನು ಒದ್ದೆ ಕೈಯಲ್ಲೇ ಹಿಡಿದಳು. “ಬಾಯಿಬಡುಕಿ ಅಂತ ಬೈತಿದ್ದೆ, ಇವತ್ತು ಉಪಯೋಗಕ್ಕೆ ಬಂತು ನೋಡು. ಏನಂದೆ? ನನ್ನ ಬಗ್ಗೆ ಏನೇನಂದೆ?”

ಹೇಳುವುದು ಸುಲಭವಿತ್ತು. ಅದೇ ಅವಳಿಗೆ ಆಮೇಲೂ ಅಸಹ್ಯ ಎನ್ನಿಸುತ್ತಿದ್ದದ್ದು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಒಬ್ಬ ಗಿರಾಕಿಯೂ ಬಿಟ್ಟುಹೋಗಲಿಲ್ಲ ಎಂದು ಹೇಳಿದಳು. ಊಹೆಯ ಮೇಲೆ ನಡೆಯದೆ ಒಗೆದು ನೋಡಿ ತೀರ್ಮಾನಿಸಿದ್ದು ದೊಡ್ಡದು ಎಂದಳು. ನದಿಯ ನೀರು ಪರೀಕ್ಷೆ ಮಾಡಿದವರಿಗೆ ಪ್ರಯೋಗಾಲಯವಿತ್ತು, ಈ ಹುಡುಗಿಗೆ ಒಂದು ಬಕೆಟ್ಟಿತ್ತು ಎಂದಳು. ಅಂಕ ಬಿದ್ದ ಅವಧಿಯ ಮುಂದಿನ ಅವಧಿಯಲ್ಲೇ ಎಲ್ಲ ಮೇಲೆ ಬಂದಿದೆ, ಅದನ್ನು ಯಾರೂ ನೋಡಲಿಲ್ಲ ಎಂದಳು. ಒಂದು ಮಾತೂ ಸುಳ್ಳಲ್ಲ. ಎಲ್ಲ ಅವಳಿಗೆ ಸಭೆಯಲ್ಲಿ ಕೂತಾಗಲೂ ಗೊತ್ತಿತ್ತು.

ದೊಡ್ಡವಳು ಕೇಳುತ್ತ ಕೇಳುತ್ತ ಮೇಜಿನ ಅಂಚಿಗೆ ಒರಗಿದಳು. “ಒಂದು ಹೇಳ್ಲಾ? ನಗಬಾರ್ದು. ಅದೇ ಮೂರು ಕಡೆ, ಎರಡನೇ ವರ್ಷಕ್ಕೆ ಬೇರೆ ಕಾಲೇಜಿನವರನ್ನ ನೇರವಾಗಿ ತಗೋತಾರಂತೆ. ಸುಮಾರು ದಿನದಿಂದ ತಲೇಲಿ ಕೊರೀತಿತ್ತು. ಮತ್ತೆ ಮುಖಭಂಗ ಯಾಕೆ ಅಂತ ಸುಮ್ನಿದ್ದೆ. ಹಾಕ್ಲಾ? ನೀನೇ ಎಲ್ಲ ನೋಡ್ಕೊಡ್ಬೇಕು. ನೀನೂ ನಾನೂ ಒಟ್ಟಿಗೇ ಹಾಕೋಣ.”

ಚಿಕ್ಕವಳ ತಲೆಯಲ್ಲಿ ಮೊದಲು ಬಂದದ್ದು ಲೆಕ್ಕ. ಒಂದೇ ಮನೆ, ಒಂದೇ ಶಾಲೆ, ಒಂದೇ ಜಾಗಕ್ಕೆ ಎರಡು ಅರ್ಜಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾರದು ಉಳಿಯುತ್ತದೆ? ಉತ್ತರಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಕ್ಕನ ಕೈಯ ಒದ್ದೆ ಇನ್ನೂ ಕೆನ್ನೆಯ ಮೇಲೆ ಆರಿರಲಿಲ್ಲ.

ಈಗ ನಿಜ ಹೇಳಿದರೆ ಅಕ್ಕ ಅರ್ಜಿ ಹಾಕುವುದಿಲ್ಲ. ಹೇಳದಿದ್ದರೆ ಅಪ್ಪನ ಸುಳ್ಳನ್ನು ನಂಬಿ ಹಾಕುತ್ತಾಳೆ. ನಿಜ ಹೇಳಬೇಕು ಎನ್ನಿಸಿದ್ದು ಅಕ್ಕ ಸುಳ್ಳನ್ನು ನಂಬಬಾರದು ಎಂದೋ, ಅರ್ಜಿಯನ್ನೇ ಹಾಕಬಾರದು ಎಂದೋ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಉತ್ತರ ಸಿಗದೆಯೇ ಬಾಯಿ ತೆರೆದಳು.

“ಅಕ್ಕ, ನಾನು ನಿನ್ನ ಪರ ಮಾತಾಡ್ಲಿಲ್ಲ. ನಿಂದೇ ಮೊದಲು ತೆಗೀರಿ ಅಂದೆ.”

ಅಪ್ಪ ಬಾಗಿಲಲ್ಲಿ ಮೂಟೆ ಹೊತ್ತುಕೊಂಡೇ ನಿಂತ.

“ನಂದು ಅಂತ ಗೊತ್ತಿರ್ಲಿಲ್ಲ ಬಿಡು,” ಎಂದಳು ದೊಡ್ಡವಳು.

“ಗೊತ್ತಿತ್ತು.”

ಒಣಗಿಸುವ ಯಂತ್ರ ಸುತ್ತು ಮುಗಿಸಿ ನಿಂತಿತು. ಯಾರೂ ಅದರ ಬಾಗಿಲು ತೆರೆಯಲಿಲ್ಲ.

“ಏನಂದೆ? ಇದ್ದದ್ದು ಇದ್ದ ಹಾಗೆ ಹೇಳು.”

ಚಿಕ್ಕವಳು ಹೇಳಿದಳು. ಮನೆ ವಿಷಯ ಎಂದದ್ದು, ಅಂಕ ಬಿದ್ದದ್ದು. ಕೊನೆಯ ಮಾತಿಗೆ ಬಂದಾಗ ದನಿ ಸಣ್ಣದಾಯಿತು. ದೊಡ್ಡವಳು, “ಕೇಳಿಸ್ಲಿಲ್ಲ,” ಎಂದಳು. ಅದನ್ನು ಇನ್ನೊಮ್ಮೆ ಹೇಳಬೇಕಾಯಿತು.

“ಸಾಕು ಬಿಡೇ,” ಎಂದ ಅಪ್ಪ.

“ನೀನ್ಯಾಕಪ್ಪ ಸುಳ್ಳು ಹೇಳ್ದೆ?”

“ನಿನ್ನ ಮುಖ ನೋಡ್ದೆ. ಬಾಯಿಗೆ ಬಂದ್ಬಿಡ್ತು.” ಅಪ್ಪ ಮೂಟೆಯನ್ನು ನೆಲಕ್ಕಿಳಿಸಿ ಅದರ ಮೇಲೇ ಕೂತ. “ನಾನು ಕೈ ಎತ್ತಿದ್ದೆ. ಅದೊಂದು ಸುಳ್ಳಲ್ಲ.”

ದೊಡ್ಡವಳು ಯಂತ್ರದ ಬಾಗಿಲು ತೆರೆದು ಬಿಸಿ ಶೀಟುಗಳನ್ನು ಮೇಜಿನ ಮೇಲೆ ಸುರಿದಳು. ಚಿಕ್ಕವಳು ಮೂಲೆ ಹಿಡಿಯಲು ಕೈ ಚಾಚಿದಳು. ದೊಡ್ಡವಳು ಶೀಟಿನ ನಡುವನ್ನು ಗದ್ದಕ್ಕೆ ಒತ್ತಿಕೊಂಡು ಎರಡೂ ತುದಿ ತಾನೇ ಜೋಡಿಸಿದಳು.

“ನಾನು ಹಾಕ್ತೀನಿ,” ಎಂದಳು, ಶೀಟು ಮಡಿಸುತ್ತಲೇ. “ಈಗಂತೂ ಹಾಕೇ ಹಾಕ್ತೀನಿ. ನೀನೇನೂ ನೋಡ್ಕೊಡೋದು ಬೇಡ. ನೀನೂ ಹಾಕು, ಬೇಡ ಅನ್ನಲ್ಲ. ಆದ್ರೆ ನಿಂದ್ರಲ್ಲಿ ಈ ಅಂಗಡಿ ಹೆಸರು ಎತ್ತಬೇಡ. ಬಟ್ಟೆ, ದಾರ, ಅಪ್ಪನ ಬೆನ್ನು, ಯಾವುದೂ ಬೇಡ. ಅದು ನಂದು.”

“ನಾನು ಬರೆಯಲ್ಲ,” ಎಂದಳು ಚಿಕ್ಕವಳು. ಅಕ್ಕನಿಗೆ ಹೇಳುವ ಮೊದಲೇ, ವ್ಯಾನಿನಲ್ಲಿ ಬರುವಾಗ, ಆ ಬಕೆಟ್ಟಿನ ಮಾತು ತನ್ನ ಪ್ರಬಂಧದ ಮೊದಲ ಸಾಲಿಗೆ ಚೆನ್ನಾಗಿರುತ್ತದೆ ಎಂದು ಅವಳು ಒಮ್ಮೆ ಯೋಚಿಸಿದ್ದಳು.

ಮನೆಗೆ ಹತ್ತುವ ಮೆಟ್ಟಿಲು ಮೇಜಿನ ಆಚೆ, ದೊಡ್ಡವಳ ಬೆನ್ನ ಹಿಂದೆ. ಹೋಗಬೇಕಾದರೆ ‘ಸ್ವಲ್ಪ ಪಕ್ಕಕ್ಕೆ ಸರಿ’ ಎನ್ನಬೇಕು. ಚಿಕ್ಕವಳಿಗೆ ಅಷ್ಟು ಕೇಳಲು ಬಾಯಿ ಬರಲಿಲ್ಲ. ಶಾಲೆಯ ಚೀಲವನ್ನು ಎದೆಗೆ ಹಿಡಿದುಕೊಂಡು, ಗಿರಾಕಿಗಳು ನಿಲ್ಲುವ ಜಾಗದಲ್ಲಿ ನಿಂತಳು.